ಎತ್ವ ಬಿಟ್ಟ ಕೋಣೆ

ಹತ್ತಿಯಮ್ಮನ ತಲೆ ಯಾವಾಗ ನರೆಯಿತು ಎಂಬುದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೂದಲು ಕಪ್ಪಗಿದ್ದಾಗಲೂ ಅದರ ತುಂಬ ಹತ್ತಿಯೇ ಇರುತ್ತಿತ್ತು. ಅವಳು ಹಾಸಿಗೆ ಹೊಲಿಯುವವಳು. ಗಂಡ ಹತ್ತಿ ಹಿಂಜಿ ಗುಡ್ಡೆ ಹಾಕಿದರೆ, ಇವಳು ಅದನ್ನು ಪಟ್ಟೆ ಬಟ್ಟೆಯ ಚೀಲಕ್ಕೆ ತುಂಬಿ, ಮೊಣಕಾಲಿನಿಂದ ಅದುಮಿ, ದಬ್ಬಣದಿಂದ ಅಲ್ಲಲ್ಲಿ ದಾರ ಹಾಯಿಸಿ ಗಂಟು ಹಾಕುವಳು. ತುಂಬುವುದರಲ್ಲಿ ಅವಳ ಕೈ ಸ್ವಲ್ಪ ಧಾರಾಳ. ಅವಳು ಹೊಲಿದ ಹಾಸಿಗೆಯ ಮೇಲೆ ಕೂತವರು ಮೊದಲ ವಾರ ಸುಲಭವಾಗಿ ಏಳಲಾರರು ಎಂದು ಬೀದಿಯವರು ತಮಾಷೆ ಮಾಡುವುದುಂಟು.

ನಮ್ಮದು ಪಕ್ಕದ ಮನೆ. ಎರಡಕ್ಕೂ ಗೋಡೆ ಒಂದೇ. ಹಾಗಾಗಿ ಕೇಳಬೇಕೆಂದು ಕೂತು ಕೇಳಿದ್ದು ಅರ್ಧ, ಬೇಡವೆಂದರೂ ಕಿವಿಗೆ ಬಿದ್ದದ್ದು ಅರ್ಧ.

ಅವಳ ಮನೆ ರೈಲಿನ ಹಾಗೆ. ಬೀದಿ ಬಾಗಿಲು ತೆರೆದರೆ ಒಂದು ಕೋಣೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಕೊನೆಗೆ ಅಡುಗೆಮನೆ. ಅದನ್ನೂ ದಾಟಿದರೆ ಹಿತ್ತಲು, ನಲ್ಲಿ, ಬಚ್ಚಲು. ಎರಡು ಪಕ್ಕದಲ್ಲೂ ಬೇರೆಯವರ ಗೋಡೆ ಇರುವುದರಿಂದ ಸುತ್ತಿಕೊಂಡು ಹೋಗುವ ದಾರಿಯಿಲ್ಲ. ಮುಂದಿನವರು ಬಚ್ಚಲಿಗೆ ಹೋಗಬೇಕಾದರೂ, ಹಿಂದಿನವರು ಬೀದಿಗೆ ಬರಬೇಕಾದರೂ ಇಡೀ ರೈಲು ದಾಟಲೇಬೇಕು.

ಗಂಡ ತೀರಿಕೊಂಡ ಮೇಲೆ ಅವಳ ಭಾವ, ಅಂದರೆ ಗಂಡನ ಅಣ್ಣ, ಬಂದು ಕೂತರು. ಕೆಟ್ಟವರಲ್ಲ. ಆದರೆ ನಿಂತರೂ ಕೂತರೂ ಗೋಡೆಗೆ ಹೊಡೆದ ಮೊಳೆಯ ಹಾಗೆ ನೆಟ್ಟಗೆ ಇರುವವರು. "ನೋಡಮ್ಮಾ, ಒಂಟಿ ಹೆಂಗಸು ಹೀಗೆ ಇರೋದು ಸರಿಯಲ್ಲ. ಮನೆಗೆ ಬೀಗ ಹಾಕು, ನಮ್ಮ ಜೊತೆ ಬಂದಿರು. ಅಡುಗೆಮನೇಲಿ ನಿನ್ನ ಅಕ್ಕನಿಗೂ ಒಂದು ಕೈ ಆಗುತ್ತೆ," ಎಂದರು. ಅಕ್ಕ ಎಂದರೆ ಅವರ ಹೆಂಡತಿ, ಇವಳಿಗೆ ಓರಗಿತ್ತಿ. "ಆದ್ರೆ ಆ ಹತ್ತಿ, ದಬ್ಬಣ ಎಲ್ಲ ಇಲ್ಲೇ ಬಿಟ್ಟು ಬಾ. ಅವಳಿಗೆ ಹತ್ತಿ ಕಂಡ್ರೆ ಸೀನು."

ಹತ್ತಿಯಮ್ಮ ಅವತ್ತು ನನ್ನ ಹತ್ತಿರ ಬಂದು ಕೂತು ಹೇಳಿದಳು: "ದಬ್ಬಣ ಬಿಟ್ಟು ಬಾ ಅಂದ್ರೆ ಕೈ ಬಿಟ್ಟು ಬಾ ಅಂದಂಗೆ ಕಣೇ. ಬರೀ ಮೈ ಹೊತ್ಕೊಂಡು ಹೋಗಿ ಅಲ್ಲಿ ಏನು ಮಾಡಲಿ?"

ಜೀವಮಾನದಲ್ಲಿ ಭಾವನ ಮಾತಿಗೆ ಎದುರಾಡದವಳು ಆ ಸಲ ಮಾತ್ರ ಕೇಳಿಯೇ ಬಿಟ್ಟಳು, ಒಂದೊಂದು ಕೋಣೆಯನ್ನು ಒಬ್ಬೊಬ್ಬರಿಗೆ ಬಾಡಿಗೆಗೆ ಕೊಟ್ಟರೆ ತಾನು ಒಂಟಿಯಲ್ಲವಲ್ಲ ಎಂದು. ಭಾವ ಬಹಳ ಹೊತ್ತು ಯೋಚಿಸಿದರು. "ಮಾಡಿ ನೋಡು. ಬೇಸಿಗೆ ಮುಗಿದ ಮೇಲೆ ಬರ್ತೀನಿ. ಮನೆ ಮರ್ಯಾದೆಯಾಗಿ ನಡೀತಿದ್ರೆ ಸರಿ. ಗಲಾಟೆ ಗಿಲಾಟೆ ಕಂಡ್ರೆ ಅವತ್ತೇ ಬೀಗ. ನನ್ನ ಹಿಂದೆ ಹೊರಟುಬರಬೇಕು." ಅವಳು ಒಪ್ಪಿ ಮಾತು ಕೊಟ್ಟಳು. ಕೊಟ್ಟ ಮಾತನ್ನು ಉಳಿಸಿಕೊಳ್ಳುವವಳು ಎಂದು ನನಗೆ ಗೊತ್ತಿದ್ದುದರಿಂದ, ದೇವರ ಮುಂದೆ ಕೂತಾಗ ಅವಳ ಮನೆಯನ್ನೂ ನೆನೆಯತೊಡಗಿದೆ.

ಬೋರ್ಡು ಬರೆಸಲು ಅವಳು ಯಾರ ಹತ್ತಿರವೂ ಹೋಗಲಿಲ್ಲ. ಉಳಿದ ಪಟ್ಟೆ ಬಟ್ಟೆಯ ತುಂಡಿನ ಮೇಲೆ ಕೆಂಪು ದಾರದಲ್ಲಿ ಅಕ್ಷರಗಳನ್ನು ಹೊಲಿದು ಬೀದಿ ಬಾಗಿಲಿಗೆ ನೇತುಹಾಕಿದಳು. ಹೊಲಿಗೆ ಎಷ್ಟು ಗಟ್ಟಿ ಎಂದರೆ ಬಿರುಗಾಳಿಗೂ ಒಂದಕ್ಷರ ಅಲುಗುವ ಹಾಗಿರಲಿಲ್ಲ. ಮೊದಲ ಪದದ ಕೊನೆಗೆ ಬರುವಾಗ ದಾರ ಮುಗಿದಿತ್ತು. ಬೇರೆ ಉಂಡೆ ಬಿಚ್ಚಿ ಮುಂದಿನ ಪದದಿಂದ ಶುರು ಮಾಡಿದ್ದಳು. ನಡುವೆ ಒಂದು ಎತ್ವ ಬಿಟ್ಟುಹೋಯಿತು. ಹೀಗಾಗಿ ಬೋರ್ಡಿನಲ್ಲಿ ಇದ್ದದ್ದು ಇಷ್ಟು: "ಕೋಣ ಬಾಡಿಗೆಗೆ ಇದೆ. ವಿಚಾರಿಸಿ."

ಮೊದಲು ವಿಚಾರಿಸಲು ಬಂದವನು ಹಾಲಿನವನು. ನಮ್ಮ ಹಿತ್ತಲುಗಳ ಆಚೆ ಅವನ ಕೊಟ್ಟಿಗೆ. ಅವನ ಎಮ್ಮೆಗಳಿಗೆ ಒಂದು ಕೋಣದ ಅಗತ್ಯವಿತ್ತು. ಅದಕ್ಕಿಂತ ಹೆಚ್ಚು ನಾನು ಬರೆಯುವುದು ಬೇಡ. ಬಾಗಿಲಲ್ಲಿ ನಿಂತು, "ಅಮ್ಮಾ, ಬೋರ್ಡು ನೋಡಿ ಬಂದೆ. ಇನ್ನೂ ಇದೆಯಾ?" ಎಂದ.

"ಇದೆಯಪ್ಪಾ, ಇನ್ನೂ ಯಾರೂ ಹಿಡಿದಿಲ್ಲ."

"ಹಿಡಿಯೋದು ಕಷ್ಟವಾ?"

"ಕಷ್ಟ ಏನು ಬಂತು? ಒಳ್ಳೆಯವರಾಗಿದ್ರೆ ಸಾಕು."

"ವಯಸ್ಸೆಷ್ಟಾಯ್ತು?"

"ನಾನು ಮದುವೆಯಾಗಿ ಬಂದ ವರ್ಷ ನಮ್ಮ ಯಜಮಾನರು ಕಟ್ಟಿಸಿದ್ದು."

ಹಾಲಿನವನ ದನಿ ಏರಿತು. "ಅವಾಗಿಂದ ಕಟ್ಟೇ ಇದೆಯಾ? ಒಂದು ಸಲಾನೂ ಬಿಚ್ಚಿಲ್ವಾ?"

"ಯಾಕಪ್ಪಾ ಬಿಚ್ಚಬೇಕು? ಗಟ್ಟಿಮುಟ್ಟಾಗಿದೆ. ಮೊನ್ನೆ ತಾನೇ ಸುಣ್ಣ ಹೊಡೆದಿದ್ದೀನಿ."

"ಸುಣ್ಣ ಹೊಡೆದ್ರಾ!" ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿದ ಸದ್ದಾಯಿತು. "ಅಲ್ಲಮ್ಮಾ, ಹಾಯೋದು ಗೀಯೋದು ಏನಾದ್ರೂ ಇದೆಯಾ?"

ಇದೊಂದು ಪ್ರಶ್ನೆಗೆ ಹತ್ತಿಯಮ್ಮ ಹೆದರಿಕೊಂಡೇ ಇದ್ದಳು. ಮುಚ್ಚುಮರೆ ಮಾಡದೆ ಹೇಳಿದಳು: "ಸುಳ್ಳು ಹೇಳಲ್ಲಪ್ಪಾ. ಹಾಯದೆ ವಿಧಿಯಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ಒಂದು ಸಲ, ಮಲಗೋ ಮುಂಚೆ ಒಂದು ಸಲ. ಹೊಟ್ಟೆ ಕೆಟ್ಟ ದಿನ ಇನ್ನೂ ಜಾಸ್ತಿ. ಬಂದು ನೋಡು, ನಿನಗೇ ಗೊತ್ತಾಗುತ್ತೆ."

"ನೋಡ್ತೀನಿ. ದೂರದಿಂದ ನೋಡ್ತೀನಿ," ಎಂದ.

ಮೂರನೆಯ ಕೋಣೆಯ ಬಾಗಿಲನ್ನು ಅವಳು ಹೆಮ್ಮೆಯಿಂದ ತೆರೆದಳು. ಬಿಸಿಲು ಬಿದ್ದು ಬೆಳ್ಳಗೆ ಹೊಳೆಯುವ ಬರಿಯ ಗೋಡೆಗಳು. ಅವನು ಹೊಸ್ತಿಲಾಚೆಯಿಂದಲೇ ಬಗ್ಗಿ ಬಾಗಿಲ ಸಂದಿಯಲ್ಲಿ ಇಣುಕಿದ. "ಎಲ್ಲಿ?"

"ಇದೇ."

"ಇದೇ ಅಂದ್ರೆ? ಎದ್ದು ಹೋಯ್ತಾ?"

ಕೊನೆಗೆ ಅವನು ಅವಳನ್ನು ಬೀದಿಗೆ ಕರೆತಂದು, ಬೋರ್ಡಿನ ಮೇಲೆ ಬೆರಳಿಟ್ಟು ಒಂದೊಂದಕ್ಷರ ಓದಿಸಿದ. ಅವಳು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದಳು. ಗಂಡ ಹೋದ ಮೇಲೆ ಆ ಗೋಡೆಯಾಚೆಯಿಂದ ನನಗೆ ಕೇಳಿಸಿದ ಮೊದಲ ನಗು ಅದು. ನಾನು ಕೈಯಲ್ಲಿದ್ದ ಸೌಟು ಹಾಗೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಆ ಬದಿಗೊಬ್ಬರು ಈ ಬದಿಗೊಬ್ಬರು.

ಹಾಲಿನವನು ಆ ಕೋಣೆಯನ್ನೇ ಹಿಡಿದ. ಊರಾಚೆಯ ಮನೆಯಿಂದ ದಿನಾ ಕೊಟ್ಟಿಗೆಗೆ ಬರುವುದು ತಪ್ಪಿತು. "ಕೋಣ ಹಿಡಿಯೋಕೆ ಬಂದೆ, ನಾನೇ ಕಟ್ಟಿಸಿಕೊಂಡೆ," ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಎತ್ವ ಹೊಲಿಯಲು ಅವಳು ದಬ್ಬಣ ತೆಗೆಯುವ ಹೊತ್ತಿಗೆ ಬಸ್ಸಿನ ಕಂಡಕ್ಟರು ಬಂದ. ಬೋರ್ಡನ್ನು ಬಸ್ಸಿನಿಂದ ದಿನವೂ ನೋಡಿ, ಪ್ರಯಾಣಿಕರಿಗೆಲ್ಲ ತೋರಿಸಿ ತೋರಿಸಿ, ಕೊನೆಗೆ ತಾನೇ ಇಳಿದುಬಂದಿದ್ದ. ಅವನಿಗೆ ಮುಂದಿನ ಕೋಣೆ. ಅವನ ಹಿಂದೆಯೇ ಆಸ್ಪತ್ರೆಯ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು. "ಇಷ್ಟು ಗಟ್ಟಿಯಾಗಿ ತಪ್ಪು ಹೊಲಿಯೋರ ಮನೇಲಿ ನೆಮ್ಮದಿ ಇರುತ್ತೆ ಅನ್ನಿಸ್ತು," ಎಂದು ನಡುವಿನ ಕೋಣೆ ಹಿಡಿದಳು. ಇನ್ನು ಎತ್ವ ಯಾಕೆ ಎಂದು ಹತ್ತಿಯಮ್ಮ ದಬ್ಬಣವನ್ನು ಒಳಗಿಟ್ಟಳು. ಅವಳಿಗೆ ಅಡುಗೆಮನೆಯೇ ಮಲಗುವ ಕೋಣೆ, ಹತ್ತಿಯ ಕಾರ್ಖಾನೆ, ಎಲ್ಲ.

ಮನೆ ತುಂಬಿತು. ತೊಂದರೆ ಶುರುವಾದದ್ದು ಆಮೇಲೆ. ನರ್ಸಮ್ಮ ಮಲಗಿರುವಾಗ ಕಂಡಕ್ಟರು ಬಚ್ಚಲಿಗೆ ಹೋಗಬೇಕು. ಕಂಡಕ್ಟರು ಬಟ್ಟೆ ಬದಲಿಸುವಾಗ ಹಾಲಿನವನು ಬೀದಿಗೆ ಬರಬೇಕು. ಹಾಯುವವರಿಗೂ ನಾಚಿಕೆ, ಹಾಯಿಸಿಕೊಳ್ಳುವವರಿಗೂ ನಾಚಿಕೆ. ಹತ್ತಿಯಮ್ಮ ಒಂದು ಇಡೀ ದಿನ ಯೋಚಿಸಿ, ದಬ್ಬಣ ಹಿಡಿದು ಕೂತಳು. ಪಟ್ಟೆ ಬಟ್ಟೆಯಲ್ಲಿ ಎಲ್ಲರಿಗೂ ಒಂದೊಂದು ಮುಸುಕು ಹೊಲಿದಳು. ತಲೆಯಿಂದ ಮೊಣಕಾಲಿನವರೆಗೆ ಇಳಿಯುವ ಚೀಲ, ಕಣ್ಣಿಗೆ ತೂತಿಲ್ಲ. ಬೀದಿ ಬಾಗಿಲಿನಿಂದ ಹಿತ್ತಲ ಬಾಗಿಲವರೆಗೆ ಗೋಡೆಗೆ ಒಂದು ಹಗ್ಗ ಕಟ್ಟಿದಳು. ಹಾಯುವವರು ಮುಸುಕು ಹಾಕಿಕೊಂಡು, ಹಗ್ಗ ಹಿಡಿದು ನಡೆಯಬೇಕು. ಯಾರ ಕೋಣೆಯಲ್ಲಿ ಯಾರು ಹೇಗಿದ್ದರೂ ಕಾಣುವುದಿಲ್ಲ. ಕೋಣೆಗೆ ಕಾಲಿಡುವ ಮೊದಲು ಕೂಗಿ ಹೇಳಬೇಕು. ಏನೆಂದು ಕೂಗುವುದು ಎಂಬುದನ್ನು ತೀರ್ಮಾನಿಸಿದವನು ಕಂಡಕ್ಟರು.

"ಕೋಣ ಬಂತೂ!"

ಒಳಗಿದ್ದವರು "ಬರಲಿ!" ಎನ್ನಬೇಕು. ಇಬ್ಬರು ಹಗ್ಗದ ಮೇಲೆ ಎದುರಾದರೆ ಸೊಂಟದಲ್ಲಿ ಸೀಟಿ ಇರುವ ಕಂಡಕ್ಟರು ಎಲ್ಲಿದ್ದರೂ ಊದುತ್ತಿದ್ದ. "ಹಿಂದೆ ಹೋಗಿ, ಹಿಂದೆ ಹೋಗಿ, ಇನ್ನೂ ಜಾಗ ಇದೆ!" ನಾನು ಬೆಳಿಗ್ಗೆ ಕಣ್ಣುಮುಚ್ಚಿ ಪ್ರಾರ್ಥನೆಗೆ ಕೂತರೆ ಗೋಡೆಯಾಚೆ ಕೋಣಗಳ ಮೆರವಣಿಗೆ. ತುಟಿ ಬಿಗಿಹಿಡಿದರೂ ನಗು ಬರುತ್ತಿತ್ತು. ನಗುವನ್ನು ದೇವರು ಪಾಪದ ಲೆಕ್ಕಕ್ಕೆ ಸೇರಿಸಿಲ್ಲವೆಂದೇ ನಾನು ನಂಬಿದ್ದೇನೆ.

ಬೇಸಿಗೆ ಮುಗಿಯಿತು. ಭಾವ ಬರುವ ದಿನ ಗೊತ್ತಾಯಿತು. ಹತ್ತಿಯಮ್ಮ ಮೂವರನ್ನೂ ಕೂರಿಸಿ ಹೇಳಿದಳು: "ಅವತ್ತೊಂದು ದಿನ ಕೋಣದ ಸುದ್ದಿ ಬೇಡ ಕಣ್ರಪ್ಪಾ. ಮುಸುಕು ಒಳಗಿಡಿ. ಹಾಯಲೇಬೇಕಾದ್ರೆ ಸಣ್ಣಗೆ ಕೆಮ್ಮಿ. ಅವರು ಮೂಗು ಮುರಿದ್ರೆ ನಾನು ಹೊರಟೆ ಅಂತಲೇ ತಿಳ್ಕೊಳ್ಳಿ."

"ನಿಮ್ಮನ್ನ ಯಾರು ಕರ್ಕೊಂಡು ಹೋಗ್ತಾರೆ ನೋಡ್ತೀನಿ. ಟಿಕೆಟ್ಟೇ ಕೊಡಲ್ಲ," ಎಂದ ಕಂಡಕ್ಟರು.

ಎಲ್ಲ ಏರ್ಪಾಡೂ ಸರಿಯಾಗಿತ್ತು. ಆದರೆ ಭಾವ ಒಂದು ದಿನ ಮೊದಲೇ ಬಂದುಬಿಟ್ಟರು. ಜೊತೆಗೆ ಓರಗಿತ್ತಿ. ಮದುವೆಮನೆಯಲ್ಲೂ ಹಲ್ಲು ತೋರಿಸದ ಗಂಭೀರ ಹೆಂಗಸು.

ಬೆಳಗಿನ ಹೊತ್ತು. ಮುಂದಿನ ಕೋಣೆಯಲ್ಲಿ ಕಂಡಕ್ಟರು ಕೆನ್ನೆ ತುಂಬ ಸೋಪು ಮೆತ್ತಿಕೊಂಡು ಗಡ್ಡ ಕೆರೆಯುತ್ತಿದ್ದ. ಭಾವ ಅವನನ್ನೊಮ್ಮೆ ನೋಡಿ, ಹಗ್ಗವನ್ನೊಮ್ಮೆ ನೋಡಿ, ಅವನ ಮಂಚದ ತುದಿಯಲ್ಲಿ ನೆಟ್ಟಗೆ ಕೂತರು. ಅದರ ಮೇಲಿದ್ದದ್ದು ಹತ್ತಿಯಮ್ಮ ಆ ವಾರವಷ್ಟೇ ತುಂಬಿಕೊಟ್ಟ ಹೊಸ ಹಾಸಿಗೆ. ಅವಳು ಅಡುಗೆಮನೆಯಿಂದ ಓಡಿಬಂದು ಸೆರಗಿನ ಹತ್ತಿ ಕೊಡವುತ್ತ ನಿಂತಳು.

"ಯಾರ್ಯಾರಿದ್ದಾರಮ್ಮಾ?"

"ಇವರು ಬಸ್ಸಿನವರು ಭಾವ. ನಡುವಿನ ಕೋಣೇಲಿ ಆಸ್ಪತ್ರೆಯವರು. ಅದರಾಚೆ ಹಾಲಿನವರು. ಎಲ್ಲರೂ ಮರ್ಯಾದಸ್ಥರು."

"ಸದ್ದು ಗದ್ದಲ?"

"ಇಲ್ಲ ಭಾವ. ಮನೇಲಿ ಜನ ಇದ್ದಾರೆ ಅನ್ನೋದೇ ಗೊತ್ತಾಗಲ್ಲ."

"ಕೋಣ ಬಂತೂ!" ಎಂದು ಹಿಂದಿನಿಂದ ಮನೆ ನಡುಗುವ ಹಾಗೆ ಕೂಗು ಬಂತು. ತೂತು ಬಿದ್ದ ಕ್ಯಾನಿಗೆ ಬೆಸುಗೆ ಹಾಕಿಸಲು ಬೀದಿಗೆ ಹೊರಟಿದ್ದ ಹಾಲಿನವನಿಗೆ ನೆಂಟರು ಬಂದದ್ದು ಗೊತ್ತಿರಲಿಲ್ಲ.

ಭಾವ ಇನ್ನಷ್ಟು ನೆಟ್ಟಗಾದರು. "ಏನಮ್ಮಾ ಅದು? ಮನೆಯೊಳಗೆ ಎಮ್ಮೆ ಸಾಕಿದ್ದೀಯಾ?"

"ಎಮ್ಮೆ ಅಲ್ಲ ಭಾವ..."

"ಕೋಣ," ಎಂದ ಕಂಡಕ್ಟರು, ಸಹಾಯವಾಗಲೆಂದು.

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ನರ್ಸಮ್ಮ. ಪಾಳಿ ಮುಗಿಸಿ ತೂಕಡಿಸುತ್ತ ಬಂದವಳು ಅಭ್ಯಾಸಬಲದಿಂದ ಮೊಳೆಯಲ್ಲಿದ್ದ ಮುಸುಕನ್ನು ತಲೆಗಿಳಿಸಿಕೊಂಡು, "ಕೋಣ ಬಂತು," ಎಂದು ಒಳಗೆ ಹೆಜ್ಜೆಯಿಟ್ಟಳು. ಆಚೆಯಿಂದ ಹಾಲಿನ ಕ್ಯಾನು ಹಿಡಿದ ಪಟ್ಟೆಪಟ್ಟೆಯ ಆಕಾರ, ಈಚೆಯಿಂದ ಇನ್ನೊಂದು ಪಟ್ಟೆಪಟ್ಟೆಯ ಆಕಾರ. ಕಂಡಕ್ಟರು ಸೋಪಿನ ಬಾಯಿಂದಲೇ ಸೀಟಿ ಊದಿದ. ಗುಳ್ಳೆ ಬಂತೇ ಹೊರತು ಸದ್ದು ಬರಲಿಲ್ಲ. ಎರಡು ಮುಸುಕುಗಳೂ ಭಾವನ ಮೂಗಿನ ಮುಂದೆಯೇ ಡಿಕ್ಕಿ ಹೊಡೆದವು. ಖಾಲಿ ಕ್ಯಾನು ಢಣಢಣ ಉರುಳಿ ಓರಗಿತ್ತಿಯ ಕಾಲ ಬಳಿ ಬಂದು ನಿಂತಿತು.

ಭಾವ ಮಂಚದ ಮೇಲೆ ಹತ್ತಿ ನಿಂತರು. ಹತ್ತಿಯಮ್ಮನ ಹಾಸಿಗೆಯ ಮೇಲೆ ನಿಲ್ಲುವುದು ಯಾರಿಂದಲೂ ಆಗುವ ಕೆಲಸವಲ್ಲ. ಒಂದು ಕಾಲು ಹೂತಿತು, ಅದನ್ನು ಎಳೆಯಲು ಹೋಗಿ ಇನ್ನೊಂದು ಹೂತಿತು, ಆಮೇಲೆ ಇಡೀ ಭಾವ ಅಂಗಾತ ಬಿದ್ದು ಹತ್ತಿಯಲ್ಲಿ ಮುಳುಗಿಹೋದರು. ಮೇಲೆ ಕಾಣುತ್ತಿದ್ದದ್ದು ಎರಡು ಪಾದ, ಒಂದು ಕನ್ನಡಕ.

"ಎಳೀರೋ! ಯಾರಾದ್ರೂ ಎಳೀರೋ!"

"ಇಳಿಯೋರು ಯಾರಾದ್ರೂ ಇದ್ದಾರಾ?" ಎಂದುಬಿಟ್ಟ ಕಂಡಕ್ಟರು. ಬೇಕೆಂದು ಅಂದದ್ದಲ್ಲ, ಬಾಯಿಗೆ ರೂಢಿಯಾದ ಮಾತು.

ಓರಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೀನು ಬಂತೆಂದು ಎಲ್ಲರೂ ಹಿಂದೆ ಸರಿದರು. ಬಂದದ್ದು ನಗು. ಎಷ್ಟೋ ವರ್ಷ ಕೂಡಿಟ್ಟ ನಗು, ಸೀನಿನ ಜೊತೆ ಬೆರೆತು, ನಿಲ್ಲಿಸಿದರೂ ನಿಲ್ಲದ ಹಾಗೆ ಬಂತು.

ಗದ್ದಲ ಕೇಳಿ ನಾನು ಹಿತ್ತಲಿನಿಂದ ಓಡಿ ಅಡುಗೆಮನೆಗೆ ಬಂದರೆ, ಹತ್ತಿಯಮ್ಮ ಅಲ್ಲಿ ಒಬ್ಬಳೇ ನಿಂತಿದ್ದಳು. ದಬ್ಬಣವನ್ನು ಒಂದು ಬಟ್ಟೆಯಲ್ಲಿ ಸುತ್ತುತ್ತಿದ್ದಳು, ಮಗುವನ್ನು ಸುತ್ತುವ ಹಾಗೆ ನಿಧಾನವಾಗಿ. "ಮುಗೀತು ಕಣೇ. ಇದನ್ನ ನಿನ್ನ ಹತ್ತಿರ ಇಟ್ಕೋ. ತುಕ್ಕು ಹಿಡಿಯೋಕೆ ಬಿಡಬೇಡ," ಎಂದು ನನ್ನ ಕೈಗಿಟ್ಟಳು.

ಆಗಲೇ ಮುಂದಿನ ಕೋಣೆ ಇದ್ದಕ್ಕಿದ್ದ ಹಾಗೆ ಸ್ತಬ್ಧವಾಯಿತು. "ಅಮ್ಮಾ, ಬೇಗ ಬನ್ನಿ! ನಿಮ್ಮ ಭಾವ ಮಾತಾಡ್ತಿಲ್ಲ," ಎಂದು ಕಂಡಕ್ಟರು ಓಡಿಬಂದ. ಹೋಗಿ ನೋಡಿದರೆ ನರ್ಸಮ್ಮ ಮುಸುಕನ್ನು ಹಣೆಯ ಮೇಲಕ್ಕೆ ಸರಿಸಿ, ಹಾಸಿಗೆಯ ಆಳದಿಂದ ಭಾವನ ಕೈಯೊಂದನ್ನು ಹೊರಗೆ ತೆಗೆದು ನಾಡಿ ಹಿಡಿದು ನಿಂತಿದ್ದಳು. ಎಲ್ಲರ ಮುಖವನ್ನೂ ನೋಡಿ, ತುಟಿಗೆ ಬೆರಳಿಟ್ಟು ಪಿಸುಗುಟ್ಟಿದಳು: "ನಿದ್ದೆ."

"ಇವರಾ?" ಎಂದಳು ಓರಗಿತ್ತಿ. "ಬೆನ್ನು ನೋವು ಅಂತ ಇವರು ಕಣ್ಣು ಮುಚ್ಚಿದ್ದನ್ನೇ ನಾನು ನೋಡಿಲ್ಲ. ಕೂತ್ಕೊಂಡೇ ಬೆಳಗು ಮಾಡ್ತಾರೆ. ಜೊತೆಗೆ ನಾನೂ ಕೂತಿರಬೇಕು."

ಬಿಸಿಲು ಬೀದಿಯ ಆ ಬದಿಯಿಂದ ಈ ಬದಿಗೆ ಬರುವವರೆಗೂ ಭಾವ ಏಳಲಿಲ್ಲ. ಎಲ್ಲರೂ ತುದಿಗಾಲಲ್ಲಿ ಹಾಯ್ದರು. "ಕೋಣ ಬಂತು" ಎನ್ನುವುದೂ ಪಿಸುಮಾತು, "ಬರಲಿ" ಎನ್ನುವುದೂ ಪಿಸುಮಾತು. ಪ್ರತಿ ಸಲಕ್ಕೂ ಓರಗಿತ್ತಿಯ ಭುಜ ಕುಣಿಯುತ್ತಿತ್ತು. ಆಮೇಲೆ ತಡೆಯಲಾರದೆ, "ಲೇ, ನನಗೂ ಒಂದು ಕೊಡೇ," ಎಂದು ಮುಸುಕು ಕೇಳಿ ಹಾಕಿಕೊಂಡು, ಹಗ್ಗ ಹಿಡಿದು ಬೀದಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬೀದಿಗೆ ಓಡಾಡಿದಳು. ಬಚ್ಚಲಿಗೆ ಹೋಗುವ ಅಗತ್ಯವೇನೂ ಅವಳಿಗಿರಲಿಲ್ಲ. ಹತ್ತಿಯಮ್ಮನೊಬ್ಬಳೇ ನಗಲಿಲ್ಲ. ಗೋಡೆಗೊರಗಿ ಭಾವನ ಕಣ್ಣುರೆಪ್ಪೆಯನ್ನೇ ನೋಡುತ್ತ ಕೂತಿದ್ದಳು.

ಭಾವ ಎದ್ದರು. ಕಂಡಕ್ಟರು, ಹಾಲಿನವನು ಸೇರಿ ಎಳೆದರು. ಕನ್ನಡಕ ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡರು. ತೀರ್ಪು ಬಂತೆಂದು ಎಲ್ಲರೂ ಹತ್ತಿರ ಸರಿದೆವು.

"ಬಚ್ಚಲು ಎಲ್ಲಿ?"

ಕಂಡಕ್ಟರು ಹಗ್ಗದ ಕಡೆ ಬೆರಳು ತೋರಿಸಿದ. ನಡುವಿನ ಕೋಣೆಯಲ್ಲಿ ನರ್ಸಮ್ಮ ಆಗಲೇ ಬಾಗಿಲು ಎಳೆದುಕೊಂಡು ಮಲಗಿದ್ದಳು. ಓರಗಿತ್ತಿ ತನ್ನ ತಲೆಯ ಮುಸುಕನ್ನು ತೆಗೆದು ಗಂಡನ ಕೈಗೆ ಕೊಟ್ಟಳು. "ಹಾಕ್ಕೊಳ್ಳಿ. ಇಲ್ಲಿ ಹೀಗೇ."

"ನಾನು ಈ ಮನೆತನದ ಹಿರಿಯ ಕಣೇ!"

"ಹಿರಿಯರಾದ್ರೆ ಜೋರಾಗಿ ಕೂಗಿ."

ಭಾವ ಸುತ್ತ ನೋಡಿದರು. ಸಹಾಯಕ್ಕೆ ಯಾರೂ ಬರುವಂತೆ ಕಾಣಲಿಲ್ಲ. ಮುಸುಕನ್ನು ತಲೆಗೆ ಇಳಿಸಿಕೊಂಡರು. ಹಗ್ಗ ಹಿಡಿದು ನಡುವಿನ ಬಾಗಿಲವರೆಗೆ ಹೋಗಿ ಗಂಭೀರವಾಗಿ ಕೆಮ್ಮಿದರು.

ಒಳಗಿನಿಂದ ನಿದ್ದೆಗಣ್ಣಿನ ದನಿ: "ಕೆಮ್ಮು ಇಲ್ಲಿ ನಡೆಯಲ್ಲ! ಆಸ್ಪತ್ರೇಲಿ ಕೇಳಿ ಕೇಳಿ ಸಾಕಾಗಿದೆ!"

"ಕೋಣ..." ಎಂದರು ಭಾವ, ಮುಸುಕಿನೊಳಗೇ.

"ಕೇಳಿಸ್ಲಿಲ್ಲ!"

ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಇನ್ನು ತಡೆಯುವ ಹಾಗಿರಲಿಲ್ಲ. "ಕೋಣ ಬಂತೂ!" ಎಂದು ಕೂಗಿದ ಕೂಗಿಗೆ ಎದುರು ಮನೆಯವರು ಕಿಟಕಿ ತೆರೆದರು.

"ಬರಲಿ!" ಎಂದಳು ನರ್ಸಮ್ಮ. "ಬರಲಿ! ಬರಲಿ!" ಎಂದೆವು ಎಲ್ಲರೂ.

ಹೋಗುವಾಗ ಪಟ್ಟೆ ಬಟ್ಟೆ ನೆಟ್ಟಗೆ ಹೋಯಿತು. ಬರುವಾಗ ಅದು ಅಲುಗುತ್ತಿತ್ತು. ಮುಂದಿನ ಕೋಣೆ ತಲುಪುವಷ್ಟರಲ್ಲಿ ಒಳಗಿನಿಂದ ಕುಕ್ಕರಿನ ಹಾಗೆ ಸದ್ದು. ಮುಸುಕು ತೆಗೆದಾಗ ಭಾವನ ಕಣ್ಣಲ್ಲಿ ನೀರಿತ್ತು, ಕನ್ನಡಕ ಎಲ್ಲೋ ಸಿಕ್ಕಿಕೊಂಡಿತ್ತು. ಅವರು ನಗುವುದನ್ನು ಯಾವತ್ತೂ ನೋಡಿರದ ನಮಗೆ, ಅದು ನಗುವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಆ ಹಾಸಿಗೆ ಹೊಲಿದದ್ದು ಯಾರು?" ಎಂದು ಕೇಳಿದರು ಕೊನೆಗೆ.

"ನಾನೇ ಭಾವ."

"ದಬ್ಬಣ ಎಲ್ಲಿ?"

ಅವಳು ನನ್ನ ಕಡೆ ನೋಡಿದಳು. ನಾನು ಬಟ್ಟೆಯ ಗಂಟನ್ನು ಮುಂದೆ ಹಿಡಿದೆ. ಭಾವ ಅದನ್ನು ತಾವೇ ಬಿಚ್ಚಿ, ದಬ್ಬಣವನ್ನು ಅವಳ ಕೈಗಿಟ್ಟರು. "ನನಗೂ ಇಂಥದೊಂದು ಬೇಕು. ನಮ್ಮನೇಲಿ ಹತ್ತಿ ಹರಡೋಕೆ ಜಾಗ ಇಲ್ಲ. ಇಲ್ಲೇ ಇದ್ದು ಹೊಲಿ."

"ಇಲ್ಲೇನಾ ಭಾವ?"

"ಇನ್ನೆಲ್ಲಿ? ನಾನು ಇಲ್ಲಿ ಆ ಕೂಗು ಕೂಗಿದ್ದು ಊರಿಗೆ ಗೊತ್ತಾಗೋದು ಬೇಡ. ನೀನು ಇಲ್ಲೇ ಇದ್ರೆ ಒಳ್ಳೇದು."

ಹೊರಡುವಾಗ ಬೀದಿ ಬಾಗಿಲಲ್ಲಿ ಅವರ ಕಣ್ಣು ಬೋರ್ಡಿನ ಮೇಲೆ ಬಿತ್ತು. ಬಗ್ಗಿ ಓದಿದರು. "ಎತ್ವ ಬಿಟ್ಟಿದ್ದೀಯಲ್ಲಮ್ಮಾ!"

"ದಾರ ಮುಗಿದಿತ್ತು ಭಾವ. ಇವತ್ತೇ ಹಾಕಿಬಿಡ್ತೀನಿ."

"ಹಾಕಬೇಡ ಕಣೇ," ಎಂದಳು ಓರಗಿತ್ತಿ. "ಎತ್ವ ಹಾಕಿದ್ರೆ ನಾನು ಬರಲ್ಲ ನೋಡು."

ಎತ್ವ ಹಾಕಲಿಲ್ಲ. ಓರಗಿತ್ತಿ ಈಗ ಆಗಾಗ ಬರುತ್ತಾಳೆ, ಗಂಡನ ಹಾಸಿಗೆಗೆ ಹತ್ತಿ ಸರಿಯಾಗಿ ತುಂಬಿದೆಯೇ ಎಂದು ನೋಡಬೇಕಂತೆ. ಆ ಹಾಸಿಗೆ ಭಾವನ ಮನೆ ಸೇರಿ ಎಷ್ಟೋ ಕಾಲವಾಯಿತು. ಅವಳ ಅಳತೆಯದೇ ಒಂದು ಮುಸುಕು ಬೇರೆ ಮೊಳೆಯಲ್ಲಿ ತೂಗುತ್ತದೆ. ನಾನು ಬೆಳಿಗ್ಗೆ ಕಣ್ಣುಮುಚ್ಚಿ ಕೂತಿರುವಾಗ ಗೋಡೆಯಾಚೆಯಿಂದ ಮೊದಲು ಒಂದು ಸೀನು, ಅದರ ಹಿಂದೆಯೇ ಅವಳ ಕೂಗು. ಒಮ್ಮೊಮ್ಮೆ ನಾನೂ ಮರೆತು, ಪ್ರಾರ್ಥನೆಯ ನಡುವೆಯೇ "ಬರಲಿ" ಎಂದುಬಿಡುತ್ತೇನೆ.